ಬೆಟ್ಟದಿಂದ ಕಡಲಿಗೆ ಇಳಿಯುವ ನಾರ್ತ್ ಕೆರೊಲಿನಾ

ಅಮೆರಿಕದ ಮೂಡಣ ಕರಾವಳಿಯ ನಾರ್ತ್ ಕೆರೊಲಿನಾದಲ್ಲಿ ನೆಲವೇ ಕಡಲಿನತ್ತ ಇಳಿಯುತ್ತಾ ಹೋಗುತ್ತದೆ. ಪಶ್ಚಿಮದಲ್ಲಿ ಬೆಟ್ಟಸಾಲು, ನಡುವೆ ಪೀಡ್‌ಮಾಂಟ್ ಎಂಬ ದಿಣ್ಣೆಗಳ ನಾಡು, ಪೂರ್ವಕ್ಕೆ ಕರಾವಳಿ ಬಯಲು, ಅದರಾಚೆ ಮರಳಿನ ದ್ವೀಪಗಳು. ಟೆನೆಸಿ ಗಡಿಯಿಂದ 40ನೇ ಹೆದ್ದಾರಿ ಹಿಡಿದು ವಿಲ್ಮಿಂಗ್ಟನ್ ತಲುಪುವಷ್ಟರಲ್ಲಿ ಮಣ್ಣು, ಮರ, ಗಾಳಿ ಎಲ್ಲವೂ ಬದಲಾಗಿರುತ್ತವೆ.

ಬ್ಲೂ ರಿಡ್ಜ್ ಬೆಟ್ಟಗಳ ಮೇಲೆ ಸದಾ ತೆಳುವಾದ ನೀಲಿ ಮಬ್ಬು. ಕಾಡಿನ ಮರಗಳು ಹೊರಬಿಡುವ ಆವಿಯೇ ಅದಕ್ಕೆ ಕಾರಣ. ಇಲ್ಲಿನ ಮೌಂಟ್ ಮಿಚೆಲ್ 2,037 ಮೀಟರ್ ಎತ್ತರವಿದ್ದು, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಅದಕ್ಕಿಂತ ಎತ್ತರದ ಶಿಖರವಿಲ್ಲ. ಅದರ ಎತ್ತರವನ್ನು ಖಚಿತಪಡಿಸಲು ಹೊರಟ ಪ್ರಾಧ್ಯಾಪಕ ಎಲೈಶಾ ಮಿಚೆಲ್ 1857ರಲ್ಲಿ ಜಲಪಾತದಿಂದ ಜಾರಿಬಿದ್ದು ತೀರಿಕೊಂಡರು. ಅವರ ಸಮಾಧಿ ಆ ಶಿಖರದ ಮೇಲೆಯೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದ ಮಳೆಗೆ ಈ ಕಣಿವೆಗಳ ಹೊಳೆಗಳು ಉಕ್ಕಿ ಆಶ್‌ವಿಲ್ ನಗರದ ತಗ್ಗು ಪ್ರದೇಶಗಳನ್ನು ಮುಳುಗಿಸಿದವು. ಕಡಲಿನ ಬಿರುಗಾಳಿ ಬೆಟ್ಟದವರನ್ನೂ ಬಿಡಲಿಲ್ಲ.

ಪೀಡ್‌ಮಾಂಟ್‌ಗೆ ಇಳಿದರೆ ಕೆಂಪು ಜೇಡಿಮಣ್ಣು. ಹಳೆಯ ಬಂಡೆಗಳು ಶಿಥಿಲವಾಗಿ, ಅವುಗಳಲ್ಲಿನ ಕಬ್ಬಿಣ ತುಕ್ಕು ಹಿಡಿದು ಬಂದ ಬಣ್ಣವದು. ಇಲ್ಲಿನ ನದಿಗಳ ರಭಸವೇ ಒಂದು ಕಾಲಕ್ಕೆ ಹತ್ತಿ ಗಿರಣಿಗಳನ್ನು ತಿರುಗಿಸಿತು. 1959ರಲ್ಲಿ ರಾಲಿ, ಡರಮ್, ಚಾಪೆಲ್ ಹಿಲ್ ನಗರಗಳ ನಡುವೆ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರ ಹುಟ್ಟಿತು. ಈಗ ಇಲ್ಲಿನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರೂ ಇದ್ದಾರೆ.

ಮುಂದೆ ನೆಲ ಸಮತಟ್ಟಾಗುತ್ತದೆ, ಮಣ್ಣು ಮರಳಾಗುತ್ತದೆ. ಸಿಹಿಗೆಣಸಿನ ಹೊಲಗಳು, ತಂಬಾಕು, ಪೈನ್ ತೋಪುಗಳು. ವಿಲ್ಮಿಂಗ್ಟನ್ ಸುತ್ತಲಿನ ಜೌಗಿನಲ್ಲಿ ಬಗ್ಗಿ ನೋಡಿದರೆ ವೀನಸ್ ಫ್ಲೈಟ್ರ್ಯಾಪ್ ಎಂಬ ಹುಳು ಹಿಡಿಯುವ ಗಿಡ ಕಾಣಸಿಗುತ್ತದೆ. ಎಲೆಯ ಅಂಚಿನಲ್ಲಿ ಮುಳ್ಳಿನ ಸಾಲು, ಒಳಮೈಯಲ್ಲಿ ನಸುಗೆಂಪು, ಅದರ ಮೇಲೆ ಕೆಲವೇ ಸೂಕ್ಷ್ಮ ಕೂದಲು. ಹುಳು ಒಂದು ಸಲ ತಾಕಿದರೆ ಎಲೆ ಸುಮ್ಮನಿರುತ್ತದೆ. ಕೆಲವೇ ಕ್ಷಣಗಳಲ್ಲಿ ಮತ್ತೊಮ್ಮೆ ತಾಕಿದರೆ ತಟ್ಟನೆ ಮುಚ್ಚಿಕೊಳ್ಳುತ್ತದೆ. ಸಾರವಿಲ್ಲದ ಮಣ್ಣು ಕೊಡದ ಸಾರಜನಕವನ್ನು ಅದು ಹುಳುವಿನಿಂದ ಪಡೆಯುತ್ತದೆ. ಜಗತ್ತಿನಲ್ಲಿ ಈ ಗಿಡದ ತವರು ನಾರ್ತ್ ಮತ್ತು ಸೌತ್ ಕೆರೊಲಿನಾಗಳ ಈ ಪುಟ್ಟ ಪ್ರದೇಶ ಮಾತ್ರ.

ಕೊನೆಗೆ ಔಟರ್ ಬ್ಯಾಂಕ್ಸ್ ಎಂಬ ಮರಳಿನ ದ್ವೀಪಗಳ ಸಾಲು. ಇಲ್ಲಿನ ಗಾಳಿ ಮತ್ತು ಮೆತ್ತನೆಯ ಮರಳನ್ನು ನಂಬಿ ಬಂದ ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ವಿಮಾನ ಹಾರಿಸಿದರು. ಅದೇ ಗಾಳಿ, ಅಲೆಗಳು ದ್ವೀಪಗಳನ್ನೂ ಸರಿಸುತ್ತಿವೆ. 1870ರಲ್ಲಿ ಕಟ್ಟಿದ ಹ್ಯಾಟರಸ್ ದೀಪಸ್ತಂಭದ ಹತ್ತಿರಕ್ಕೆ ಕಡಲು ಬಂದಾಗ, 1999ರಲ್ಲಿ ಇಡೀ ಸ್ತಂಭವನ್ನೇ ಹಳಿಗಳ ಮೇಲೆ ಸುಮಾರು 880 ಮೀಟರ್ ಹಿಂದಕ್ಕೆ ಸಾಗಿಸಿದರು. ಹತ್ತಿರದ ರೊಡಾಂಥೆಯಲ್ಲಿ ಹಾಗೆ ಸರಿಯದ ಮನೆಗಳು 2020ರಿಂದೀಚೆಗೆ ಒಂದೊಂದಾಗಿ ಅಲೆಗಳ ಪಾಲಾಗುತ್ತಿವೆ. ಮರಳಿನ ದ್ವೀಪ ಒಂದೆಡೆ ನಿಲ್ಲುವುದಿಲ್ಲ. ಅಲ್ಲಿ ಬಾಳಬೇಕೆನ್ನುವವರು ಕಡಲಿಗೆ ಜಾಗ ಬಿಟ್ಟೇ ಮನೆ ಕಟ್ಟಬೇಕು.