ದೇವರಿಗೆ ಬಿಟ್ಟ ಕಾಡು, ನಮಗೆ ಬಿಟ್ಟ ಹೊಣೆ

ಕಾಡನ್ನು ಕಾಯುವ ಬೇಲಿಗಳು ಎರಡು. ಒಂದು ಸರ್ಕಾರ ಹಾಕುವ ಬೇಲಿ, ಇನ್ನೊಂದು ಮನುಷ್ಯನ ಮನಸ್ಸಿನೊಳಗಿನ ಬೇಲಿ. ಹೊರಗಿನ ಬೇಲಿಗೆ ಮುಳ್ಳುತಂತಿ ಬೇಕು, ಕಾವಲುಗಾರ ಬೇಕು, ಕಾಯಿದೆ ಬೇಕು. ಒಳಗಿನ ಬೇಲಿಗೆ ಧರ್ಮಬುದ್ಧಿಯೊಂದಿದ್ದರೆ ಸಾಕು. ಆ ಬುದ್ಧಿ ಇಲ್ಲದ ಕಡೆ ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂಬ ಗಾದೆಯನ್ನು ನಮ್ಮ ರೈತರು ಸುಮ್ಮನೆ ಕಟ್ಟಿದ್ದಲ್ಲ.

ಈ ಒಳಗಿನ ಬೇಲಿಯನ್ನು ನಂಬಿ ನಮ್ಮ ಹಿರಿಯರು ಕಾಡಿನ ಒಂದೊಂದು ಭಾಗವನ್ನು ದೇವರ ಹೆಸರಿಗೆ ಬಿಟ್ಟರು. ಕೊಡಗಿನಲ್ಲಿ ಅದನ್ನು ದೇವರ ಕಾಡು ಎನ್ನುತ್ತಾರೆ. ಕರಾವಳಿಯಲ್ಲಿ ಅದು ನಾಗಬನ. ಮಲೆನಾಡಿನಲ್ಲಿ ಅನೇಕ ಕಡೆ ಊರ ದೇವರು ನೆಲೆಸಿರುವುದು ಕಾನಿನಲ್ಲಿ. 1834ರವರೆಗೆ ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರು. ಆದರೆ ಅಲ್ಲಿನ ದೇವರ ಕಾಡುಗಳು ಆಯಾ ಊರಿನ ಅಯ್ಯಪ್ಪ, ಭಗವತಿ, ಭದ್ರಕಾಳಿ, ಮಹಾದೇವರ ಹೆಸರಿನಲ್ಲಿ ಊರಿನವರ ಭಕ್ತಿಯಿಂದಲೇ ಉಳಿದುಬಂದವು. ಇಂದಿಗೂ ಆ ಒಂದು ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರ ಕಾಡುಗಳು ದಾಖಲೆಯಲ್ಲಿವೆ.

ದೇವರ ಕಾಡೆಂದರೆ ಬರೀ ನಂಬಿಕೆಯೆಂದು ತಿಳಿಯಬಾರದು. ಅದೊಂದು ಕಟ್ಟುಪಾಡು. ಅದಕ್ಕೆ ಎಲ್ಲೆಯಿದೆ. ಯಾವಾಗ ಒಳಗೆ ಹೋಗಬೇಕು, ಹೇಗೆ ಹೋಗಬೇಕು ಎಂಬ ನೇಮವಿದೆ. ಕೊಡಲಿ ತಾಗಿಸಬಾರದೆಂಬ ಆಣೆಯಿದೆ. ತಪ್ಪಿ ನಡೆದವನು ಊರ ಹಿರಿಯರ ಮುಂದೆ ನಿಂತು ತಪ್ಪುಕಾಣಿಕೆ ಕೊಡಬೇಕು. ಇಂದು ಅರಣ್ಯ ನಿರ್ವಹಣೆಯೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ಅಂಗಗಳೆಲ್ಲ ಇದರಲ್ಲಿವೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ, ಅಷ್ಟೇ ವ್ಯತ್ಯಾಸ.

ಮಲೆನಾಡಿನ ಕಾನುಗಳು ಇನ್ನೂ ಒಂದು ಪಾಠ ಹೇಳುತ್ತವೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ಸೀಮೆಯೊಂದರಲ್ಲಿಯೇ 171 ಕಾನುಗಳನ್ನು ಪಟ್ಟಿ ಮಾಡಿದರು. ಅವುಗಳ ವಿಸ್ತಾರ ಸುಮಾರು 32 ಸಾವಿರ ಎಕರೆ. ಆ ಕಾನುಗಳಲ್ಲಿ ದೇವರೂ ಇದ್ದ, ಮೆಣಸಿನ ಬಳ್ಳಿಯೂ ಇತ್ತು. ಜನ ಅಲ್ಲಿಂದ ಮೆಣಸು ಕೊಯ್ದರು, ಬೈನೆ ಮರದಿಂದ ರಸ ಇಳಿಸಿದರು. ಮರದ ಬುಡವನ್ನು ಮಾತ್ರ ಮುಟ್ಟಲಿಲ್ಲ. ಫಲ ನಮ್ಮದು, ಮೂಲ ದೇವರದು. ಇದೇ ಅವರ ಲೆಕ್ಕ.

ನಮ್ಮ ಶರಣ ಧರ್ಮದಲ್ಲಿ ಇದಕ್ಕೆ ಪ್ರಸಾದಭಾವವೆಂದು ಹೆಸರು. ಜಗತ್ತಿನಲ್ಲಿರುವುದೆಲ್ಲ ಶಿವನ ಸೊತ್ತು. ಅವನಿಗೆ ಅರ್ಪಿಸಿ, ಅವನು ಮರಳಿ ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುವುದು ಪ್ರಸಾದ. ಪ್ರಸಾದವನ್ನು ಯಾರೂ ಚೀಲ ತುಂಬಿಕೊಂಡು ಹೋಗುವುದಿಲ್ಲ, ಅಂಗೈಯಲ್ಲಿ ಹಿಡಿಯುವಷ್ಟನ್ನೇ ಪಡೆಯುತ್ತಾರೆ, ಪಕ್ಕದವನಿಗೂ ಉಳಿಸುತ್ತಾರೆ. ಕಾಡಿನಿಂದ ಪಡೆಯುವುದೂ ಹೀಗೆಯೇ ಇರಬೇಕು. ಲಿಂಗಪೂಜೆಗೆ ಬಿಲ್ವದ ಎಲೆ ಬಿಡಿಸುವವನು ಕೊಂಬೆ ಮುರಿಯುವುದಿಲ್ಲ. ನಾಳೆಯ ಪೂಜೆಗೂ ಆ ಮರವೇ ಬೇಕೆಂಬ ಅರಿವು ಅವನಿಗಿರುತ್ತದೆ.

ಈ ಭಾವಕ್ಕಾಗಿ ಪ್ರಾಣ ಕೊಟ್ಟವರೂ ಈ ದೇಶದಲ್ಲಿದ್ದಾರೆ. 1730ರಲ್ಲಿ ಜೋಧಪುರದ ಅರಮನೆಯ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕಾಯಿತು. ಅರಸನ ಆಳುಗಳು ಖೇಜಡ್ಲಿ ಎಂಬ ಹಳ್ಳಿಗೆ ಬನ್ನಿಮರ ಕಡಿಯಲು ಬಂದರು. ಹಸಿ ಮರ ಕಡಿಯಬಾರದೆಂಬುದು ಅಲ್ಲಿನ ಬಿಷ್ಣೋಯಿ ಜನರಿಗೆ ಗುರು ಜಂಭೇಶ್ವರರು ಕೊಟ್ಟ ನೇಮ. ಅಮೃತಾದೇವಿ ಎಂಬ ತಾಯಿ ಮರವನ್ನು ಅಪ್ಪಿ ನಿಂತಳು, ಕೊಡಲಿಗೆ ಬಲಿಯಾದಳು. ಅವಳ ಮೂವರು ಹೆಣ್ಣುಮಕ್ಕಳೂ ಅದೇ ದಾರಿ ಹಿಡಿದರು. ಒಟ್ಟು 363 ಜನ ಪ್ರಾಣ ಬಿಟ್ಟರು. ಸುದ್ದಿ ತಿಳಿದ ಅರಸ ಅಭಯಸಿಂಹ ಮರ ಕಡಿಯುವುದನ್ನು ನಿಲ್ಲಿಸಿದ. ಮುಂದೆ ಹಿಮಾಲಯದ ಚಿಪ್ಕೋ ಚಳವಳಿಯಲ್ಲಿ, 1983ರಲ್ಲಿ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡದ್ದು ಇದೇ ಭಾವದಿಂದ.

ಇಷ್ಟೆಲ್ಲ ಇದ್ದೂ ದೇವರ ಕಾಡುಗಳು ಕರಗಿದ್ದೇಕೆ? ಕೊಡಗಿನಲ್ಲಿ 1905ರಲ್ಲಿ ಆರು ಸಾವಿರ ಹೆಕ್ಟೇರಿಗೂ ಹೆಚ್ಚಿದ್ದ ದೇವರ ಕಾಡು 1985ರ ಹೊತ್ತಿಗೆ ಅದರ ಅರ್ಧಕ್ಕೂ ಕಡಿಮೆಯಾಗಿತ್ತು. ಕಾಫಿ ತೋಟ ಒತ್ತರಿಸಿತು, ಮನೆಗಳು ಎದ್ದವು, ಕಾಗದಪತ್ರದಲ್ಲಿ ಕಾಡಿನ ಒಡೆತನ ಇಲಾಖೆಯಿಂದ ಇಲಾಖೆಗೆ ಬದಲಾಯಿತು. ಇವೆಲ್ಲ ಹೊರಗಿನ ಕಾರಣಗಳು. ಒಳಗಿನ ಕಾರಣವನ್ನು ಹೇಳದಿದ್ದರೆ ನಮ್ಮ ಮಾತು ಪೂರ್ಣವಾಗದು.

ನಾವು ಸಂಚಾರ ಹೋದ ಹಳ್ಳಿಗಳಲ್ಲಿ ಭಕ್ತರು ಬಂದು, ‘ಬುದ್ಧಿ, ನಮ್ಮ ದೇವರಿಗೆ ನೆತ್ತಿಯ ಮೇಲೆ ಸೂರಿಲ್ಲ. ಜೀರ್ಣೋದ್ಧಾರ ಮಾಡಬೇಕು, ಆಶೀರ್ವಾದ ಮಾಡಿ’ ಎಂದು ಕೇಳುವುದುಂಟು. ಅವರ ಭಕ್ತಿ ದೊಡ್ಡದು. ಆದರೆ ಬನದ ದೇವರಿಗೆ ಸೂರು ಬೇಡವೆಂದು ಹಿರಿಯರು ಬಿಟ್ಟದ್ದು ಬಡತನದಿಂದಲ್ಲ. ಮರದ ನೆರಳೇ ಅವನ ಗುಡಿ, ಹಕ್ಕಿಯ ದನಿಯೇ ಅವನ ಗಂಟೆ ಎಂದು ಅವರು ತಿಳಿದಿದ್ದರು. ನಾಲ್ಕು ಮರ ಉರುಳಿಸಿ ಸಿಮೆಂಟಿನ ಗೋಪುರ ಕಟ್ಟುತ್ತೇವೆ. ಗೋಪುರಕ್ಕೆ ದಾರಿ ಬೇಕೆಂದು ಹತ್ತು ಮರ ಹೋಗುತ್ತವೆ. ಕಲ್ಯಾಣಮಂಟಪಕ್ಕೆಂದು ಉಳಿದವೂ ಹೋಗುತ್ತವೆ. ಕೊನೆಗೆ ದೇವರು ಉಳಿಯುತ್ತಾನೆ, ಅವನ ಮನೆ ಇಲ್ಲವಾಗುತ್ತದೆ. ಇದನ್ನು ಉದ್ಧಾರವೆನ್ನಲು ನಮಗೆ ಮನಸ್ಸು ಬಾರದು. ಬನ ಬೆಳೆಸುವುದೇ ಬನದ ದೇವರ ಜೀರ್ಣೋದ್ಧಾರ.

ಇನ್ನೊಂದು ಮಾತು. ಹಿಂದೆ ದೇವರ ಕಾಡನ್ನು ಕಾಯ್ದದ್ದು ಬಹುಮಟ್ಟಿಗೆ ಭಯ. ಒಣಕಡ್ಡಿ ಮುಟ್ಟಿದರೂ ಹಾವು ಕಚ್ಚೀತು, ಮನೆಗೆ ಕೇಡಾದೀತು ಎಂಬ ಅಂಜಿಕೆ. ಓದಿದ ಮಕ್ಕಳಲ್ಲಿ ಇಂದು ಆ ಅಂಜಿಕೆಯಿಲ್ಲ. ಅದಕ್ಕಾಗಿ ಅವರನ್ನು ಬೈದು ಫಲವಿಲ್ಲ. ಭಯದ ಜಾಗದಲ್ಲಿ ಅರಿವನ್ನು ತುಂಬಬೇಕು. ಬನದ ತರಗೆಲೆ ಮಳೆನೀರನ್ನು ಹಿಡಿದು ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ, ಆ ನೀರೇ ಬೇಸಿಗೆಯಲ್ಲಿ ಕೆಳಗಿನ ಗದ್ದೆಯ ಒರತೆಯಾಗುತ್ತದೆ ಎಂದು ಮಗುವಿನ ಕೈಹಿಡಿದು ತೋರಿಸಬೇಕು. ಕಂಡದ್ದನ್ನು ಅದು ಮರೆಯುವುದಿಲ್ಲ. ಹಾಗೆಯೇ ಸೌದೆಗೆ ಕಾಡನ್ನೇ ನೆಚ್ಚಿದ ಬಡವನನ್ನು ಅಪರಾಧಿಯಂತೆ ಕಾಣಬಾರದು. ಅವನ ಒಲೆಗೆ ಬೇರೆ ದಾರಿ ಮಾಡಿಕೊಡುವುದೂ ದಾಸೋಹವೇ. ಉಳ್ಳವನ ಒತ್ತುವರಿಗೆ ಕಣ್ಣುಮುಚ್ಚಿ, ಇಲ್ಲದವನ ಕಟ್ಟಿಗೆ ಹೊರೆಯನ್ನು ಕಿತ್ತುಕೊಳ್ಳುವುದು ಧರ್ಮವಲ್ಲ.

ಇಂದು ಕಾನೂನೂ ಈ ಹಳೆಯ ಬೇಲಿಯ ಬೆಲೆಯನ್ನು ಕಂಡುಕೊಂಡಿದೆ. 1993ರಿಂದ ನಮ್ಮ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳ ವ್ಯವಸ್ಥೆ ಬಂದಿತು. 2006ರ ಅರಣ್ಯ ಹಕ್ಕು ಕಾಯಿದೆ ತನ್ನ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ರಾಜಸ್ಥಾನದ ದೇವರ ಕಾಡುಗಳನ್ನು ಸಮೀಕ್ಷೆ ಮಾಡಿ ಅರಣ್ಯವೆಂದು ಘೋಷಿಸಲು ಆದೇಶಿಸಿತು. ದೇಶಕ್ಕೆಲ್ಲ ಅನ್ವಯಿಸುವ ನೀತಿಯೊಂದನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೂ ಹೇಳಿತು. ಆದರೆ ತೀರ್ಪು ಕಾಗದದ ಮೇಲಿರುತ್ತದೆ, ಕಾಡು ಊರಿನಲ್ಲಿರುತ್ತದೆ. ಎರಡನ್ನೂ ಕೂಡಿಸಬೇಕಾದವರು ಊರಿನವರೇ.

ಆದ್ದರಿಂದ ಊರ ಹಿರಿಯರಿಗೆ ನಮ್ಮ ಮಾತು ಇಷ್ಟು. ನಿಮ್ಮೂರ ದೇವರ ಕಾಡಿನ ಎಲ್ಲೆ ನಿಮಗೆ ಗೊತ್ತಿದೆ, ನಿಮ್ಮ ಮಕ್ಕಳಿಗೆ ಗೊತ್ತಿಲ್ಲ. ನೀವಿರುವಾಗಲೇ ಅವರನ್ನು ಕರೆದುಕೊಂಡು ಎಲ್ಲೆ ಸುತ್ತಿರಿ, ಅಳತೆ ಮಾಡಿಸಿ ಕಲ್ಲು ನೆಡಿಸಿರಿ. ಬರಿದಾದ ಕಡೆ ನೀಲಗಿರಿ, ಅಕೇಶಿಯ ಹಾಕದೆ ಆ ಕಾಡಿನದೇ ಬೀಜದಿಂದ ಸಸಿ ಎಬ್ಬಿಸಿರಿ. ಜಾತ್ರೆಯ ಮರುದಿನ ಬನದಲ್ಲಿ ಒಂದು ಪ್ಲಾಸ್ಟಿಕ್ ಚೂರೂ ಉಳಿಯದಂತೆ ನೋಡಿಕೊಳ್ಳಿರಿ. ಹರಕೆ ಹೊತ್ತವರು ಗಂಟೆ ಕಟ್ಟುವ ಬದಲು ಗಿಡ ನೆಟ್ಟು ಮೂರು ಬೇಸಿಗೆ ನೀರು ಹಾಕಲಿ. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನಿಗೆ ಶಾಲೆಯ ಓದಿರಲಿಲ್ಲ, ಸಿರಿತನವಿರಲಿಲ್ಲ. ಪತಿಯೊಡನೆ ಬಿಂದಿಗೆಯಲ್ಲಿ ನೀರು ಹೊತ್ತು ಆಲದ ಸಾಲು ಬೆಳೆಸಿದಳು. 2019ರಲ್ಲಿ ಪದ್ಮಶ್ರೀ ಅವಳನ್ನು ಅರಸಿ ಬಂತು. ಕಾಯಕವೆಂದರೆ ಇದು.

ನಾವು ನೆಟ್ಟ ಮರದ ನೆರಳಿನಲ್ಲಿ ಕೂರುವವರು ನಮ್ಮ ಮುಖ ನೋಡಿರುವುದಿಲ್ಲ. ಅವರಿಗಾಗಿ ನೀರೆರೆಯುವ ಕೈಯೇ ನಿಜವಾದ ಪೂಜೆಯ ಕೈ. ಆ ಕೈಗಳು ಊರೂರಿನಲ್ಲಿ ಹೆಚ್ಚಲಿ, ಕಾಲಕಾಲಕ್ಕೆ ಮಳೆಯಾಗಲಿ, ಕಾಡೂ ನಾಡೂ ತಣ್ಣಗಿರಲಿ ಎಂದು ನಾವು ಹಾರೈಸುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.