ಆಟಿಯ ಹಸಿವಿಗೆ ಬೇಕಾದ್ದನ್ನು ಕೇಳಿ ಕೊಡೋಣ

ತುಳುನಾಡಿಗೆ ಆಟಿ ತಿಂಗಳ ಹಸಿವು ಹೊಸದಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಹಿಡಿದು, ಕೂಲಿ ನಿಂತು, ಕಣಜ ತಳ ಕಂಡಾಗ ತಜಂಕು, ಕೆಸುವಿನ ಎಲೆಗಳೇ ಮನೆ ನಡೆಸುತ್ತಿದ್ದವು. ಅವನ್ನು ಕೊಯ್ಯಲು ಹಿತ್ತಿಲಿತ್ತು. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಮೂಡುಬಿದಿರೆ, ಕಾರ್ಕಳದ ರಸ್ತೆ ಬಂದು ಸೇರುವ ಮಂಗಳೂರಿನ ನಂತೂರಿನಂಥ ಕಡೆ ಬಾಡಿಗೆ ಕೋಣೆಯಲ್ಲಿರುವ ದಿನಗೂಲಿಯವರಿಗೆ ಹಿತ್ತಿಲೆಲ್ಲಿಯದು? ಮಳೆಗೆ ಕಟ್ಟಡದ ಕೆಲಸ ನಿಂತರೂ ಬಾಡಿಗೆ ನಿಲ್ಲುವುದಿಲ್ಲ. ಅಂಥವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಆಹಾರ ಭಂಡಾರ ಬೇಕು. ಅಲ್ಲಿ ಯಾರೋ ಕಟ್ಟಿಟ್ಟ ಕಿಟ್ ಹಿಡಿದು ಬರುವ ಬದಲು, ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳುವಂತಿರಬೇಕು.

ಇದು ಬರೀ ಮರ್ಯಾದೆಯ ಮಾತಲ್ಲ, ಒಲೆಯ ಲೆಕ್ಕವೂ ಹೌದು. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿಯೇ ಊಟ. ಪಡಿತರದಲ್ಲಿ ಬಹುಕಾಲ ಬಂದದ್ದು ಬೆಳ್ತಿಗೆ ಅಕ್ಕಿ. ಕುಚ್ಚಲಕ್ಕಿ ಕೊಡಿ ಎಂದು ಕರಾವಳಿ ವರ್ಷಗಟ್ಟಲೆ ಕೇಳಿಕೊಂಡು ಬಂದಿದೆ. ಆದರೆ ಅದೇ ಕುಚ್ಚಲಕ್ಕಿ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಸಿಲಿಂಡರ್ ಮುಗಿಯುತ್ತಾ ಬಂದ ಮನೆಗೆ ಅದು ಭಾರ. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಕುಟುಂಬ ಹುಡುಕುವುದು ಜೋಳದ ಹಿಟ್ಟನ್ನು. ಮನೆಯಲ್ಲಿ ಅಕ್ಕಿ ಇದ್ದು ಬೇಳೆ, ಎಣ್ಣೆ ಮುಗಿದವರಿಗೆ ಇನ್ನೈದು ಕಿಲೋ ಅಕ್ಕಿಯಿಂದ ಏನು ಪ್ರಯೋಜನ? ಎಲ್ಲರಿಗೂ ಒಂದೇ ಚೀಲ ಕೊಟ್ಟರೆ ಕೊಟ್ಟವರ ದುಡ್ಡೂ ಅರ್ಧ ವ್ಯರ್ಥ, ಪಡೆದವರ ಕೊರತೆಯೂ ಹಾಗೇ ಉಳಿಯುತ್ತದೆ.

ಅನ್ನಭಾಗ್ಯ 2013ರಿಂದ ಇದೆ, ದೇವಸ್ಥಾನಗಳಲ್ಲಿ ಅನ್ನದಾನ ಇದೆ, ಮತ್ತೆ ಇದೇಕೆ ಎಂದು ಕೇಳಬಹುದು. ಪಡಿತರ ಹಕ್ಕು, ಅದರ ಜಾಗವನ್ನು ಯಾವ ದಾನವೂ ತುಂಬಬಾರದು. ಆದರೆ ಅದಕ್ಕೆ ಕಾರ್ಡ್ ಬೇಕು, ಪಡಿತರ ಸಿಗುವುದೂ ತಿಂಗಳಿಗೊಮ್ಮೆ. ಅನ್ನದಾನದ ಊಟ ಅಲ್ಲಿಗೆ ಹೋದವರಿಗೆ ಸಿಗುತ್ತದೆ, ಹಾಸಿಗೆ ಹಿಡಿದ ಅಜ್ಜಿಗೆ ಸಿಗುವುದಿಲ್ಲ. ಆರಿಸಿಕೊಳ್ಳಲು ಬಿಟ್ಟರೆ ಬಾಚಿಕೊಂಡು ಹೋಗುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. 2021ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್‌ನ ಕೆಸಾನ್ ಸಿಟಿಯ ಮಗಿನ್ಹಾವ ಬೀದಿಯಲ್ಲಿ ಯುವತಿಯೊಬ್ಬರು ಒಂದು ಬಿದಿರಿನ ಗಾಡಿಯಲ್ಲಿ ದಿನಸಿ ಇಟ್ಟು, ಕೈಲಾದಷ್ಟು ಕೊಡಿ, ಬೇಕಾದಷ್ಟೇ ಒಯ್ಯಿರಿ ಎಂಬರ್ಥದ ಫಲಕ ಹಾಕಿದರು. ಕೆಲವೇ ದಿನಗಳಲ್ಲಿ ಅಂಥ ಗಾಡಿಗಳು ದೇಶದ ಊರೂರಲ್ಲಿ ಎದ್ದವು. ಜನ ಬಾಚುವವರೇ ಆಗಿದ್ದರೆ ಅದು ಮೊದಲ ಬೀದಿಯಲ್ಲೇ ಮುಗಿದುಹೋಗಬೇಕಿತ್ತು. ಅಷ್ಟಕ್ಕೂ ಅನುಮಾನವಿದ್ದರೆ ಮನೆಗಿಷ್ಟು ಎಂದು ಮಿತಿ ಹಾಕಿದರಾಯಿತು. ಮಿತಿಯೊಳಗಿನ ಆಯ್ಕೆ ಅವರದೇ ಇರಲಿ.

ಈ ಕೆಲಸಕ್ಕೆ ಹೊಸ ಸಂಸ್ಥೆಯೇ ಬೇಕೆಂದಿಲ್ಲ. ಮಂಗಳೂರಿನ ಚರ್ಚ್‌ಗಳ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೆ ಬಡವರ ಮನೆಗೇ ಹೋಗಿ ಕಷ್ಟ ಕೇಳುವ ರೂಢಿ ಮೊದಲಿಂದಲೂ ಇದೆ. ದೇವಸ್ಥಾನ, ಮಸೀದಿ, ಯುವಕ ಮಂಡಲಗಳಿಗೂ ತಮ್ಮ ಸುತ್ತಲಿನ ಮನೆಗಳ ಪರಿಚಯವಿದೆ. ಇವರೆಲ್ಲ ಸೇರಿ ಒಂದು ಕೋಣೆ, ನಾಲ್ಕು ಕಪಾಟು ಹೊಂದಿಸಿದರೆ ಸಾಕು. ಕೆಲಸ ಮುಗಿಸಿ ಬರುವವರಿಗಾಗಿ ಸಂಜೆ ಬಾಗಿಲು ತೆರೆದಿರಲಿ. ಜಾತಿ, ಧರ್ಮ, ಊರು ಕೇಳುವುದು ಬೇಡ, ಚೀಲ ಹಿಡಿದವರ ಫೋಟೊ ಬೇಡವೇ ಬೇಡ. ಕೇಳಬೇಕಾದ ಪ್ರಶ್ನೆ ಒಂದೇ: ಮನೆಯಲ್ಲಿ ಏನು ಮುಗಿದಿದೆ? ಅದಕ್ಕೆ ಸಿಗುವ ಉತ್ತರವೇ ಮುಂದಿನ ವಾರದ ಖರೀದಿಯ ಪಟ್ಟಿಯಾಗಲಿ.