ಕಾಪಿ ಆಗದಂತೆ ಲಾಕ್ ಮಾಡಿದರೆ ಬರಹ ಕಳುವಾಗುವುದಿಲ್ಲವೇ?

ಫೋನಿನಲ್ಲಿ ಒಂದು ಒಳ್ಳೆಯ ಲೇಖನ ಓದುತ್ತೀರಿ. ಮನೆಯವರ ಗ್ರೂಪಿಗೆ ಎರಡು ಸಾಲು ಕಳಿಸೋಣವೆಂದು ಅಕ್ಷರದ ಮೇಲೆ ಬೆರಳು ಒತ್ತಿ ಹಿಡಿದರೆ ಏನೂ ಆಗುವುದಿಲ್ಲ. ಕೆಲವೆಡೆ ‘ಕಾಪಿ ಮಾಡುವಂತಿಲ್ಲ’ ಎಂಬ ಎಚ್ಚರಿಕೆಯೂ ಬರುತ್ತದೆ. ಹೀಗೆ ಬೀಗ ಹಾಕಿದರೆ ಬರಹವನ್ನು ಯಾರೂ ಕದಿಯಲಾರರು ಎಂಬ ನಂಬಿಕೆಯಿದೆ. ಇದು ನಿಜವೇ?

ಬೀಗ ಹೇಗೆ ಕೆಲಸ ಮಾಡುತ್ತದೆ?

ಪುಟದ ಅಂದಚಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ‘ಯೂಸರ್-ಸೆಲೆಕ್ಟ್: ನನ್’ ಎಂಬ ಒಂದು ಸಾಲು ಸೇರಿಸಿದರೆ ಅಕ್ಷರಗಳು ಸೆಲೆಕ್ಟ್ ಆಗುವುದಿಲ್ಲ. ರೈಟ್ ಕ್ಲಿಕ್ ತಡೆಯಲು ಜಾವಾಸ್ಕ್ರಿಪ್ಟ್‌ನ ಎರಡು ಮೂರು ಸಾಲು ಸಾಕು.

ಆದರೆ ನೀವು ಓದಬೇಕಾದರೆ ಇಡೀ ಬರಹ ಮೊದಲು ನಿಮ್ಮ ಫೋನಿಗೆ ಬಂದಿರಲೇಬೇಕು. ಬಂದ ಮೇಲೆ ಬೀಗಕ್ಕೆ ಬಲವಿಲ್ಲ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಬಹುದು, ರೀಡರ್ ಮೋಡ್ ಬಳಸಬಹುದು. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅಕ್ಷರಗಳು ಹೊರಬರುತ್ತವೆ. ಸಾವಿರಾರು ಪುಟಗಳನ್ನು ಎತ್ತುವ ಪ್ರೋಗ್ರಾಂಗಳು ಬೆರಳಿಟ್ಟು ಸೆಲೆಕ್ಟ್ ಮಾಡುವುದೇ ಇಲ್ಲ. ಪುಟದ ಕೋಡನ್ನೇ ನೇರವಾಗಿ ತೆಗೆದುಕೊಳ್ಳುತ್ತವೆ.

ನಷ್ಟ ಯಾರಿಗೆ?

ಸಾಮಾನ್ಯ ಓದುಗರಿಗೆ. ಕಾಪಿ ಆಗದಿದ್ದಾಗ ಜನ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದರಲ್ಲಿ ಲಿಂಕ್ ಇರುವುದಿಲ್ಲ, ಎಷ್ಟೋ ಸಲ ದಿನಾಂಕವೂ ಇರುವುದಿಲ್ಲ. ಯಾವುದೋ ವರ್ಷದ ‘ನಾಳೆ ಶಾಲೆಗೆ ರಜೆ’ ಸುದ್ದಿ ಈ ಮಳೆಗಾಲದಲ್ಲಿ ಮತ್ತೆ ಓಡಾಡಲು ಇಷ್ಟೇ ಸಾಕು. ಅನುಮಾನ ಬಂದ ಸಾಲನ್ನು ಗೂಗಲ್‌ನಲ್ಲಿ ಹಾಕಿ ಪರೀಕ್ಷಿಸುವುದೂ ಕಷ್ಟವಾಗುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಇಡೀ ಲೇಖನವನ್ನೇ ಚಿತ್ರವಾಗಿ ಹಾಕುತ್ತಾರೆ. ಆಗ ಸ್ಕ್ರೀನ್ ರೀಡರ್ ಮೂಲಕ ಕೇಳಿ ಓದುವ ದೃಷ್ಟಿದೋಷವುಳ್ಳವರಿಗೆ ಬಾಗಿಲು ಮುಚ್ಚಿದಂತೆಯೇ.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸ್ವಂತ ಬರಹಕ್ಕೆ ಬರೆದ ಕ್ಷಣದಿಂದಲೇ ರಕ್ಷಣೆಯಿದೆ. ನೋಂದಣಿ ಕಡ್ಡಾಯವಲ್ಲ. ಕಾಪಿ ಆಗುತ್ತದೆ ಎಂದ ಮಾತ್ರಕ್ಕೆ ಇನ್ನೊಬ್ಬರ ಲೇಖನ ನಮ್ಮದಾಗುವುದಿಲ್ಲ. ಲಾಕ್ ಇಲ್ಲ ಎಂದು ಬರೆದವರ ಹಕ್ಕೂ ಹೋಗುವುದಿಲ್ಲ. ವಿಮರ್ಶೆಗೆ, ವರದಿಗೆ ನ್ಯಾಯಯುತವಾಗಿ ಉಲ್ಲೇಖಿಸಲು ಅದೇ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಹಾಗಾದರೆ ಏನು ಮಾಡಬೇಕು?

ಓದುಗರಾದರೆ ಪೂರ್ತಿ ಲೇಖನ ಅಂಟಿಸುವ ಬದಲು ಲಿಂಕ್ ಕಳಿಸಿ. ಸ್ಕ್ರೀನ್‌ಶಾಟೇ ಕಳಿಸಬೇಕಾದರೆ ಬರೆದವರ ಹೆಸರು, ದಿನಾಂಕ ಕಾಣುವಂತಿರಲಿ. ಬರೆಯುವವರಾದರೆ ಪುಟದಲ್ಲಿ ಹೆಸರು, ದಿನಾಂಕ, ಶೇರ್ ಬಟನ್ ಇಡಿ. ಬರಹ ಕಳುವಾದರೆ ಆ ಪುಟವನ್ನು ಹುಡುಕಾಟದಿಂದ ತೆಗೆಯುವಂತೆ ಗೂಗಲ್‌ಗೆ ಕೃತಿಸ್ವಾಮ್ಯದ ದೂರು ಕೊಡಬಹುದು.

ಒಟ್ಟಿನಲ್ಲಿ, ಕಾಪಿ ಲಾಕ್ ಕಳ್ಳರನ್ನು ತಡೆಯುತ್ತದೆ ಎಂಬುದು ತಪ್ಪು ಕಲ್ಪನೆ. ಅದು ತಡೆಯುವುದು ಹೆಚ್ಚಾಗಿ ಪ್ರಾಮಾಣಿಕ ಓದುಗರನ್ನೇ. ನಮ್ಮ ಈ ಲೇಖನಕ್ಕೆ ಬೀಗವಿಲ್ಲ. ಹಂಚಿಕೊಳ್ಳುವಾಗ ಲಿಂಕ್ ಮರೆಯಬೇಡಿ.